ಮನೆಯ ಕಾಕ್‌ಪಿಟ್ ನಿಜ ಅನ್ನಿಸುವುದು ಯಾವುದರಿಂದ?

ಬೆಳಗಾವಿಯಲ್ಲಿ ನಾವು ಕೆಲವರು ಸೇರಿ ಕಟ್ಟಿಕೊಂಡ ಫ್ಲೈಟ್ ಸಿಮ್ಯುಲೇಟರ್, ಅಂದರೆ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ನಕಲಿ ಕಾಕ್‌ಪಿಟ್ ಬಗ್ಗೆ ಹೇಳಿದರೆ ಜನ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಅದು ಅಲುಗಾಡುತ್ತದಾ? ಎರಡನೆಯದು, ಎಷ್ಟು ದೊಡ್ಡ ಟಿವಿ ಹಾಕಿದ್ದೀರಿ? ಎರಡೂ ಸಹಜವಾದ ಪ್ರಶ್ನೆಗಳೇ. ಆದರೆ ಸಿಮ್ಯುಲೇಟರ್ ನಿಜ ಅನ್ನಿಸುವುದು ಇವೆರಡರಿಂದ ಅಲ್ಲ ಅನ್ನೋದು ನನ್ನ ಅನುಭವ. ಕೈಯಲ್ಲಿ ಹಿಡಿದದ್ದು ಸರಿಯಾಗಿ ಮಾತು ಕೇಳಬೇಕು. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರಬೇಕು. ಇವೆರಡಿದ್ದರೆ ಹಳೆಯ ಮಾನಿಟರ್ ಮುಂದೆಯೂ ಅಂಗೈ ಬೆವರುತ್ತದೆ. ಯಾಕೆ ಅಂತ ಗೊತ್ತಾಗಬೇಕಾದರೆ ಒಳಗೆ ನಡೆಯುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಮೊದಲು ಪ್ರೋಗ್ರಾಮ್. ಅದು ವಿಮಾನದ ವಿಡಿಯೊ ತೋರಿಸುವುದಿಲ್ಲ, ಲೆಕ್ಕ ಮಾಡುತ್ತದೆ. ವಿಮಾನದ ಸ್ಟೀರಿಂಗಿನಂಥ ಯೋಕ್ ಎಷ್ಟು ಎಳೆದಿದ್ದೀರಿ, ಎಂಜಿನ್ ಶಕ್ತಿ ಏರಿಸಿ ಇಳಿಸುವ ಥ್ರಾಟಲ್ ಎಲ್ಲಿದೆ, ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಎಷ್ಟು ಇಳಿದಿದೆ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಇಷ್ಟನ್ನೂ ಓದಿಕೊಂಡು ಆ ಕ್ಷಣಕ್ಕೆ ವಿಮಾನದ ಮೇಲೆ ಎಷ್ಟು ಬಲ ಬೀಳುತ್ತಿದೆ ಅಂತ ಕಂಡುಹಿಡಿಯುತ್ತದೆ. ಆ ಬಲಕ್ಕೆ ವೇಗ ಎಷ್ಟು ಬದಲಾಗಬೇಕು, ಆ ವೇಗಕ್ಕೆ ಜಾಗ ಎಷ್ಟು ಬದಲಾಗಬೇಕು ಅಂತ ನೋಡುತ್ತದೆ. ಹೊಸ ಜಾಗದಿಂದ ಹೊರಗಡೆ ಹೇಗೆ ಕಾಣುತ್ತದೋ ಅದನ್ನು ಪರದೆಯ ಮೇಲೆ ಬರೆಯುತ್ತದೆ. ಮತ್ತೆ ಮೊದಲಿನಿಂದ. ಸೆಕೆಂಡಿಗೆ 30 ಚಿತ್ರ ಬರುತ್ತಿದ್ದರೆ ಒಂದು ಸುತ್ತಿಗೆ ಸಿಗುವ ಸಮಯ ಸುಮಾರು 33 ಮಿಲಿಸೆಕೆಂಡ್.

ಈ ಸುತ್ತು ತಡವಾದರೆ ಚಿತ್ರ ಎಷ್ಟೇ ಚಂದ ಇದ್ದರೂ ಪ್ರಯೋಜನವಿಲ್ಲ. ನೀವು ಯೋಕ್ ಎಳೆಯುತ್ತೀರಿ, ಏನೂ ಆಗಲಿಲ್ಲ ಅಂತ ಇನ್ನಷ್ಟು ಎಳೆಯುತ್ತೀರಿ, ಅಷ್ಟರಲ್ಲಿ ಮೊದಲಿನ ಎಳೆತ ಪರದೆಗೆ ಬಂದು ಮೂಗು ಜಾಸ್ತಿ ಮೇಲೇಳುತ್ತದೆ, ಗಾಬರಿಯಾಗಿ ತಳ್ಳುತ್ತೀರಿ, ಅದೂ ತಡವಾಗಿ ತಲುಪಿ ಮೂಗು ಕೆಳಗೆ ಬೀಳುತ್ತದೆ. ಹೀಗೆ ಏಳುತ್ತಾ ಬೀಳುತ್ತಾ ನೆಲ ಮುಟ್ಟುವವರನ್ನು ನೋಡಿದರೆ ಓಡಿಸುವವರ ಕೈ ಸರಿಯಿಲ್ಲ ಅನ್ನಿಸುತ್ತದೆ. ಎಷ್ಟೋ ಸಲ ತಪ್ಪು ಕೈಯದಲ್ಲ, ತಡದ್ದು. ಅದಕ್ಕೇ ನಾವು ಮರದ ಎಲೆ, ಮೋಡದ ನೆರಳು ಮುಂತಾದ ಅಲಂಕಾರವನ್ನೆಲ್ಲ ಕಡಿಮೆ ಮಾಡಿ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ, ಉಳಿಸಿಕೊಳ್ಳುತ್ತೇವೆ.

ಬಲ ಲೆಕ್ಕ ಹಾಕುವ ದಾರಿ ಎಲ್ಲ ಪ್ರೋಗ್ರಾಮಿನಲ್ಲೂ ಒಂದೇ ಅಲ್ಲ. ಒಂದು ದಾರಿ ಕೋಷ್ಟಕದ್ದು: ಇಂಥ ಕೋನಕ್ಕೆ ರೆಕ್ಕೆ ಇಷ್ಟು ಎತ್ತುತ್ತದೆ ಅಂತ ಮೊದಲೇ ಬರೆದಿಟ್ಟ ಅಂಕಿಗಳಿಂದ ಬೇಕಾದ್ದನ್ನು ಆರಿಸಿಕೊಳ್ಳುವುದು. ಉಚಿತವಾಗಿ ಸಿಗುವ ಫ್ಲೈಟ್‌ಗಿಯರ್‌ನಲ್ಲಿ ಜೆಎಸ್‌ಬಿಸಿಮ್ ಅನ್ನುವ ಭಾಗ ಹೀಗೆ ಕೆಲಸ ಮಾಡುತ್ತದೆ. ಇನ್ನೊಂದು ದಾರಿ ಎಕ್ಸ್-ಪ್ಲೇನ್‌ನದು. ಅದು ರೆಕ್ಕೆ, ಬಾಲ, ಪ್ರೊಪೆಲರ್ ಎಲ್ಲವನ್ನೂ ಸಣ್ಣ ಸಣ್ಣ ತುಂಡಾಗಿ ಮಾಡಿಕೊಂಡು ಪ್ರತಿ ತುಂಡಿಗೂ ಗಾಳಿ ಯಾವ ಕೋನದಲ್ಲಿ, ಎಷ್ಟು ವೇಗದಲ್ಲಿ ತಾಗುತ್ತಿದೆ ಅಂತ ಬೇರೆ ಬೇರೆ ಲೆಕ್ಕ ಮಾಡಿ ಕೂಡಿಸುತ್ತದೆ. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 1982ರಿಂದ ಇದೆ. 2020ರ ಆವೃತ್ತಿ ಉಪಗ್ರಹ ಚಿತ್ರಗಳನ್ನು ಇಂಟರ್ನೆಟ್ಟಿನಿಂದ ಆಗಿಂದಾಗ್ಗೆ ತರಿಸಿಕೊಂಡು ಇಡೀ ಭೂಮಿಯನ್ನು ತೋರಿಸತೊಡಗಿದ ಮೇಲೆ ಈ ಹವ್ಯಾಸಕ್ಕೆ ಬಂದವರು ಬಹಳ. ಯಾವುದು ಒಳ್ಳೆಯದು ಅನ್ನುವ ಚರ್ಚೆ ಮುಗಿಯುವಂಥದ್ದಲ್ಲ. ಕಂಪ್ಯೂಟರ್ ಹಳೆಯದಾಗಿದ್ದರೆ ಫ್ಲೈಟ್‌ಗಿಯರ್‌ನಿಂದ ಶುರು ಮಾಡಿ ಅಂತಲೇ ನಾನು ಹೇಳುವುದು.

ಈ ಲೆಕ್ಕದ ನಡುವೆ ಒಂದು ಮಾತು ಚೆನ್ನಾಗಿ ತಿಳಿದಿರಬೇಕು. ವಿಮಾನ ವೇಗ ಕಡಿಮೆಯಾದ್ದಕ್ಕೆ ಬೀಳುವುದಲ್ಲ. ರೆಕ್ಕೆಗೆ ಗಾಳಿ ತಾಗುವ ಕೋನ ಮಿತಿ ಮೀರಿದಾಗ, ಸಣ್ಣ ವಿಮಾನಗಳಲ್ಲಿ ಸುಮಾರು 15 ಡಿಗ್ರಿ ದಾಟಿದಾಗ, ಗಾಳಿ ರೆಕ್ಕೆಯ ಮೇಲ್ಮೈ ಬಿಟ್ಟು ಚೆದುರುತ್ತದೆ, ಎತ್ತುವ ಶಕ್ತಿ ಕುಸಿಯುತ್ತದೆ. ಇದೇ ಸ್ಟಾಲ್. ಸೆಸ್ನಾ 172 ಅನ್ನುವ ಸಣ್ಣ ವಿಮಾನದ ಹೊಸ ಮಾದರಿ ಫ್ಲ್ಯಾಪ್ ಇಲ್ಲದೆ, ನೇರ ಹಾರಾಟದಲ್ಲಿ, ಸುಮಾರು 48 ನಾಟ್‌ಗೆ (ಒಂದು ನಾಟ್ ಅಂದರೆ ಗಂಟೆಗೆ 1.85 ಕಿ.ಮೀ.) ಸ್ಟಾಲ್ ಆಗುತ್ತದೆ. ಅದೇ ವಿಮಾನವನ್ನು ಎತ್ತರ ಬಿಡದೆ 60 ಡಿಗ್ರಿ ವಾಲಿಸಿ ತಿರುಗಿಸಿದರೆ ರೆಕ್ಕೆ ಎರಡು ಪಟ್ಟು ಭಾರ ಹೊರಬೇಕು. ಆಗ ಸ್ಟಾಲ್ ವೇಗ 1.41 ಪಟ್ಟು ಆಗುತ್ತದೆ, ಅಂದರೆ 68 ನಾಟ್. ರನ್‌ವೇ ಕಡೆ ಕೊನೆಯ ತಿರುವು ತೆಗೆದುಕೊಳ್ಳುವಾಗ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ನೋಡಿ. ತಿರುವು ದಾಟಿ ಹೋಯಿತು ಅಂತ ಅವಸರದಲ್ಲಿ ಜಾಸ್ತಿ ವಾಲಿಸಿ ಎಳೆದರೆ ಏನಾಗುತ್ತದೆ ಅನ್ನುವುದನ್ನು ಓದಿ ತಿಳಿಯುವುದು ಬೇರೆ, ಸಿಮ್ಯುಲೇಟರಿನಲ್ಲಿ ಒಮ್ಮೆ ನೋಡುವುದು ಬೇರೆ.

ನಮ್ಮೂರಿನದೇ ಲೆಕ್ಕ ಇನ್ನೂ ಚಂದ. ಸಾಂಬ್ರಾ ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ 2,487 ಅಡಿ ಮೇಲಿದೆ. ಅಷ್ಟು ಎತ್ತರಕ್ಕೆ ಲೆಕ್ಕದ ಪುಸ್ತಕ ಹೇಳುವ ಸಾಮಾನ್ಯ ಉಷ್ಣತೆ ಸುಮಾರು 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಇದೆ ಅಂದುಕೊಳ್ಳಿ. ವ್ಯತ್ಯಾಸ 26. ಒಂದೊಂದು ಡಿಗ್ರಿಗೆ ಸುಮಾರು 120 ಅಡಿ ಕೂಡಿಸಿದರೆ 3,100 ಅಡಿ ಬರುತ್ತದೆ. ಅಂದರೆ ಆ ಮಧ್ಯಾಹ್ನ ಸಾಂಬ್ರಾದ ಗಾಳಿ 5,600 ಅಡಿ ಎತ್ತರದ ಗಾಳಿಯಷ್ಟು ತೆಳ್ಳಗಿರುತ್ತದೆ. ರೆಕ್ಕೆಗೆ ಹಿಡಿತ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ, ಪ್ರೊಪೆಲರಿಗೆ ಕಚ್ಚಿಕೊಳ್ಳಲು ಗಾಳಿ ಕಡಿಮೆ. ಸಮುದ್ರ ಮಟ್ಟದಲ್ಲಿ ಬೇಕಾದದ್ದಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ದೂರ ಓಡಿದ ಮೇಲೆ ಸೆಸ್ನಾ ನೆಲ ಬಿಡುತ್ತದೆ. ರನ್‌ವೇ 2,300 ಮೀಟರ್ ಇರುವುದರಿಂದ ಸಣ್ಣ ವಿಮಾನಕ್ಕೆ ತೊಂದರೆ ಇಲ್ಲ. ಆದರೆ ಮೇಲೇರುವ ಗತಿ ಎಷ್ಟು ಕುಗ್ಗುತ್ತದೆ ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಹೊಸಬರು ಬಂದಾಗ ನಾವು ಮೊದಲು ಡಿಸೆಂಬರ್ ಬೆಳಗಿನ 14 ಡಿಗ್ರಿ ಇಟ್ಟು ಹಾರಿಸುತ್ತೇವೆ. ಆಮೇಲೆ ಬೇರೇನೂ ಮುಟ್ಟದೆ ಏಪ್ರಿಲ್ ಮಧ್ಯಾಹ್ನಕ್ಕೆ ಬದಲಾಯಿಸುತ್ತೇವೆ. "ಇದ್ಯಾಕ ಏಳವಲ್ತು?" ಅಂತ ಅವರೇ ಕೇಳುತ್ತಾರೆ. ಉತ್ತರ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ.

ಇನ್ನು ಕೈಗೆ ಬರೋಣ. ಯೋಕ್, ಮೂಗನ್ನು ಎಡಬಲಕ್ಕೆ ತಿರುಗಿಸುವ ರಡರ್ ಪೆಡಲ್, ಥ್ರಾಟಲ್ ಇವುಗಳ ಚಲನೆಯನ್ನು ಕಂಪ್ಯೂಟರಿಗೆ ಅಂಕಿಯಾಗಿ ಕೊಡಬೇಕು. ಅದಕ್ಕೆ ಎಟಿಮೆಗಾ 32ಯು4 ಚಿಪ್ ಇರುವ ಸಣ್ಣ ಬೋರ್ಡ್ ಸಾಕು. ಆರ್ಡುಯಿನೊ ಲಿಯೊನಾರ್ಡೊ, ಪ್ರೊ ಮೈಕ್ರೋ ಇವೆಲ್ಲ ಆ ಜಾತಿಯವು. ಈ ಚಿಪ್‌ನಲ್ಲೇ ಯುಎಸ್‌ಬಿ ಇರುವುದರಿಂದ ಕಂಪ್ಯೂಟರ್ ಅದನ್ನು ನೇರವಾಗಿ ಒಂದು ಜಾಯ್‌ಸ್ಟಿಕ್ ಅಂತಲೇ ಗುರುತಿಸುತ್ತದೆ. ಬೆಲೆ ಕೆಲವು ನೂರು ರೂಪಾಯಿ ಅಷ್ಟೆ.

ಅದಕ್ಕೆ ಪೊಟೆನ್ಶಿಯೊಮೀಟರ್ ಜೋಡಿಸುವುದು ಹಳೆಯ ಪದ್ಧತಿ. ಹಳೇ ರೇಡಿಯೊದಲ್ಲಿ ವಾಲ್ಯೂಮ್ ತಿರುಗಿಸುತ್ತಿದ್ದೆವಲ್ಲ, ಅದೇ ವಸ್ತು. ಇಲ್ಲಿ ಒಂದು ಲೆಕ್ಕವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆ ಚಿಪ್ ಓದುವುದು 0ಯಿಂದ 1023ರವರೆಗೆ, ಅಂದರೆ 1,024 ಮೆಟ್ಟಿಲು. ಪೊಟೆನ್ಶಿಯೊಮೀಟರ್ ಪೂರ್ತಿ ತಿರುಗುವುದು ಸುಮಾರು 300 ಡಿಗ್ರಿ. ನಿಮ್ಮ ಸ್ಟಿಕ್ ತಿರುಗಿಸುವುದು ಬರೀ 40 ಡಿಗ್ರಿ ಆದರೆ ಸಿಗುವ ಮೆಟ್ಟಿಲು 136 ಮಾತ್ರ! ಅದರಲ್ಲೂ ವಿದ್ಯುತ್ತಿನ ಗದ್ದಲಕ್ಕೆ ಎರಡು ಮೂರು ಮೆಟ್ಟಿಲು ಹೋಗುತ್ತವೆ. ಹಾಗಾಗಿ ಇಳಿಯುವ ಹೊತ್ತಿಗೆ ಬೇಕಾದ ನಾಜೂಕು ಸಿಗುವುದಿಲ್ಲ, ಮೂಗು ತಟತಟ ಅಂತ ಜಿಗಿಯುತ್ತದೆ. ನಡುವೆ ಒಂದು ಗೇರ್ ಹಾಕಿ ಸ್ಟಿಕ್ಕಿನ 40 ಡಿಗ್ರಿಯನ್ನು ಸೆನ್ಸರಿನ 240 ಡಿಗ್ರಿ ಮಾಡಿದರೆ ಮೆಟ್ಟಿಲು ಆರು ಪಟ್ಟು ಆಗುತ್ತದೆ. ಆದರೆ ಗೇರಿನಲ್ಲಿ ಸ್ವಲ್ಪ ಆಟ ಇದ್ದರೂ ಅದೂ ಕೈಗೆ ಗೊತ್ತಾಗುತ್ತದೆ.

ನಾವು ಒಪ್ಪಿಕೊಂಡ ದಾರಿ ಹಾಲ್ ಸೆನ್ಸರ್. ಆಯಸ್ಕಾಂತ ಹತ್ತಿರ ಬಂದು ತಿರುಗಿದಂತೆ ಅದರ ವೋಲ್ಟೇಜ್ ಬದಲಾಗುತ್ತದೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮ ಇದು. ಒಂದಕ್ಕೊಂದು ಉಜ್ಜುವ ಭಾಗವೇ ಇಲ್ಲದ್ದರಿಂದ ಸವೆಯುವುದಿಲ್ಲ. ಬೆಳಗಾವಿಯ ಮಳೆಗಾಲ ಗೊತ್ತಲ್ಲ, ತಿಂಗಳುಗಟ್ಟಲೆ ಎಲ್ಲದಕ್ಕೂ ತೇವ ಹಿಡಿಯುತ್ತದೆ. ಅಗ್ಗದ ಪೊಟೆನ್ಶಿಯೊಮೀಟರ್ ಒಳಗೆ ಆ ತೇವ, ಧೂಳು ಸೇರಿದರೆ ಅದು ಸುಮ್ನೆ ಇದ್ದಾಗಲೂ ಅಂಕಿ ಕುಣಿಯುತ್ತದೆ. ಹಾಲ್ ಸೆನ್ಸರಿಗೆ ಆ ಕಾಟ ಇಲ್ಲ. ಎಲೆಕ್ಟ್ರಾನಿಕ್ಸ್ ಓದುತ್ತಿರುವ ನಮ್ಮ ಗುಂಪಿನ ಹುಡುಗಿ ಇನ್ನೊಂದು ಉಪಾಯ ಸೇರಿಸಿದಳು: ಚಿಪ್ಪಿನ ಒಳಗಿನ ಓದುವ ಭಾಗವನ್ನು ಬಿಟ್ಟು, ಎಡಿಎಸ್1115 ಅನ್ನುವ 16 ಬಿಟ್‌ನ, ಅಂದರೆ ಇನ್ನೂ ಎಷ್ಟೋ ಸಣ್ಣ ಮೆಟ್ಟಿಲುಗಳಲ್ಲಿ ಓದುವ ಪುಟ್ಟ ಬೋರ್ಡ್ ಹಾಕಿದಳು. ಈಗ ಯೋಕ್ ಕೂದಲೆಳೆಯಷ್ಟು ಸರಿದರೂ ಪರದೆಯಲ್ಲಿ ಕಾಣುತ್ತದೆ.

ಯೋಕಿನ ದೇಹ ಪ್ಲೈವುಡ್, ಸ್ಟೀಲ್ ಪೈಪು, ಬೇರಿಂಗು, ಡ್ರಾಯರಿಗೆ ಹಾಕುವ ಚಾನೆಲ್ಲು. ಇದನ್ನು ಬೆಳಗಾವಿಯಲ್ಲಿ ಮಾಡಿಸುವುದಕ್ಕೆ ಪರದಾಡಬೇಕಾಗಿಲ್ಲ. ಉದ್ಯಮಬಾಗದ ಲೇಥ್ ಅಂಗಡಿಗಳಲ್ಲಿ ಡ್ರಾಯಿಂಗ್ ಕೊಟ್ಟರೆ ಸಂಜೆಯೊಳಗೆ ಬುಷ್ ಮಾಡಿಕೊಡುವವರಿದ್ದಾರೆ. ಹತ್ತರಗಿಯ ಏಕಸ್ ವಿಶೇಷ ಆರ್ಥಿಕ ವಲಯದಲ್ಲಿ ನಿಜವಾದ ವಿಮಾನಗಳ ಭಾಗಗಳೇ ತಯಾರಾಗುತ್ತವೆ. ಲೋಹದ ಕೆಲಸದಲ್ಲಿ ಪಳಗಿದ ಊರಿದು. ನಮ್ಮ ಗುಂಪಿನಲ್ಲೇ ಲೇಥ್ ನಡೆಸುವ ಕಾಕಾ ಒಬ್ಬರಿದ್ದಾರೆ. ಅವರು ಹೇಳುವ ಮಾತು, "ಶಾಫ್ಟ್ ಲೂಸ್ ಇದ್ರ ಕಂಪ್ಯೂಟರ್ ಎಷ್ಟ್ ದೊಡ್ಡದಿದ್ರೇನು?"

ಸ್ಪ್ರಿಂಗ್ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಮನೆಯ ಸಿಮ್ಯುಲೇಟರ್ ನಿಜದಿಂದ ಅತಿ ದೂರ ಇರುವುದು ಇಲ್ಲೇ. ನಿಜವಾದ ಸೆಸ್ನಾದಲ್ಲಿ ಯೋಕಿಗೆ ಸ್ವಂತ ನಡುವೆ ಅಂತ ಒಂದು ಖಾಯಂ ಜಾಗ ಇಲ್ಲ. ಮೂಗನ್ನು ಏರಿಸಿ ಇಳಿಸುವ, ಬಾಲದ ಎಲಿವೇಟರ್ ಮೇಲೆ ಬೀಸುವ ಗಾಳಿಯೇ ಕೈಗೆ ಒತ್ತಡ ಕೊಡುತ್ತದೆ. ವೇಗ ಜಾಸ್ತಿ ಆದರೆ ಯೋಕ್ ಬಿಗಿ, ಸ್ಟಾಲ್ ಹತ್ತಿರ ಬಂದರೆ ಸಡಿಲ. ಆ ಸಡಿಲವೇ ಪೈಲಟ್‌ಗೆ ಎಚ್ಚರಿಕೆ. ಮತ್ತೆ ಟ್ರಿಮ್ ಚಕ್ರ ಇದೆ. ನಿಜವಾದ ವಿಮಾನದಲ್ಲಿ ನೀವು ಯೋಕನ್ನು ಬೇಕಾದ ಜಾಗದಲ್ಲಿ ಹಿಡಿದು, ಕೈಮೇಲಿನ ಒತ್ತಡ ಪೂರ್ತಿ ಹೋಗುವವರೆಗೆ ಟ್ರಿಮ್ ತಿರುಗಿಸಿ, ಆಮೇಲೆ ಕೈ ಬಿಡುತ್ತೀರಿ. ಯೋಕ್ ಅಲ್ಲೇ ನಿಲ್ಲುತ್ತದೆ. ಸ್ಪ್ರಿಂಗ್ ಇರುವ ಮನೆಯ ಯೋಕ್ ಯಾವಾಗಲೂ ನಡುವಿಗೇ ಓಡುತ್ತದೆ. ಆದ್ದರಿಂದ ಇಲ್ಲಿ ಟ್ರಿಮ್ ತಿರುಗಿಸುತ್ತಾ ಅಷ್ಟಷ್ಟೇ ಕೈ ಸಡಿಲ ಮಾಡಬೇಕು. ಎರಡೂ ಬೇರೆ ಬೇರೆ ಅಭ್ಯಾಸ. ಇದನ್ನು ಸರಿ ಮಾಡಲು ಮೋಟರಿನಿಂದ ಕೈಗೆ ಒತ್ತಡ ಕೊಡುವ ಫೋರ್ಸ್ ಫೀಡ್‌ಬ್ಯಾಕ್ ಬೇಕು. ಅದಿಲ್ಲದಿದ್ದರೆ ಗಟ್ಟಿ ಸ್ಪ್ರಿಂಗ್ ಬದಲು ಉದ್ದನೆಯ, ಮೆತ್ತಗಿನ ರಬ್ಬರ್ ಪಟ್ಟಿ ಹಾಕಿ. ನಡುವಿನಲ್ಲಿ ಟಕ್ ಅಂತ ಹಿಡಿಯುವ ಗುಣ ಹೋಗುತ್ತದೆ. ಇಳಿಯುವಾಗ ಮೂಗನ್ನು ಒಂದೊಂದು ಚೂರೇ ಎತ್ತಲು ಅದೇ ಬೇಕಾದದ್ದು.

ಪರದೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ದೊಡ್ಡದಕ್ಕಿಂತ ಸರಿಯಾದ ಕೋನ ಮುಖ್ಯ. 60 ಸೆಂಟಿಮೀಟರ್ ಅಗಲದ ಮಾನಿಟರ್ ಅನ್ನು 60 ಸೆಂಟಿಮೀಟರ್ ದೂರದಿಂದ ನೋಡಿದರೆ ಅದು ನಿಮ್ಮ ಕಣ್ಣಿನಲ್ಲಿ ತುಂಬುವುದು 53 ಡಿಗ್ರಿ. ನಮ್ಮ ಎರಡೂ ಕಣ್ಣು ಸೇರಿ ಅಡ್ಡಕ್ಕೆ ಸುಮಾರು 200 ಡಿಗ್ರಿ ನೋಡುತ್ತವೆ. ಜಾಸ್ತಿ ಕಾಣಲಿ ಅಂತ ಆ 53 ಡಿಗ್ರಿ ಕಿಟಕಿಯೊಳಗೆ 90 ಡಿಗ್ರಿಯ ನೋಟವನ್ನು ತುರುಕಿದರೆ ಎಲ್ಲವೂ ಸಣ್ಣದಾಗುತ್ತದೆ, ದೂರ ಇದ್ದಂತೆ ಕಾಣುತ್ತದೆ. ರನ್‌ವೇ ಇನ್ನೂ ಕೆಳಗಿದೆ ಅಂದುಕೊಂಡಿರುತ್ತೀರಿ, ಚಕ್ರ ಧಡ್ ಅಂತ ತಾಗುತ್ತದೆ. ಒಂದೇ ಮಾನಿಟರ್ ಇದ್ದರೆ ಇಳಿಯುವಾಗಲಾದರೂ ನೋಟದ ಕೋನವನ್ನು ನಿಜದ ಹತ್ತಿರ ಇಟ್ಟುಕೊಳ್ಳಿ. ಅಕ್ಕಪಕ್ಕ ನೋಡಲು ಓಪನ್‌ಟ್ರ್ಯಾಕ್ ಅನ್ನುವ ಉಚಿತ ಪ್ರೋಗ್ರಾಮ್ ಇದೆ. ವೆಬ್‌ಕ್ಯಾಮ್ ನಿಮ್ಮ ತಲೆಯನ್ನು ಗಮನಿಸುತ್ತದೆ, ನೀವು ತಲೆ ಸ್ವಲ್ಪ ತಿರುಗಿಸಿದರೆ ಪರದೆಯ ನೋಟ ಅದಕ್ಕಿಂತ ಜಾಸ್ತಿ ತಿರುಗುತ್ತದೆ. ವಿಆರ್ ಕನ್ನಡಕ ಹಾಕಿದರೆ ಇದೆಲ್ಲ ಒಮ್ಮೆಗೇ ಬಗೆಹರಿಯುತ್ತದೆ ನಿಜ. ಆದರೆ ನಿಮ್ಮ ಕೈಯೇ ನಿಮಗೆ ಕಾಣುವುದಿಲ್ಲ, ನೀವು ಕಷ್ಟಪಟ್ಟು ಕೂರಿಸಿದ ಸ್ವಿಚ್ಚುಗಳು ಕಾಣುವುದಿಲ್ಲ, ಪಕ್ಕದಲ್ಲಿ ಕೂತವರ ಮುಖವೂ ಕಾಣುವುದಿಲ್ಲ. ಗುಂಪಿನಲ್ಲಿ ಹಾರುವವರಿಗೆ ನಾನು ಅದನ್ನು ಹೇಳುವುದಿಲ್ಲ.

ಅಲುಗಾಟದ ಕಥೆ ಬಹಳ ಹಳೆಯದು. 1929ರಲ್ಲಿ ಅಮೆರಿಕದ ಎಡ್ವಿನ್ ಲಿಂಕ್ ಮೊದಲ ಯಶಸ್ವಿ ತರಬೇತಿ ಯಂತ್ರ ಕಟ್ಟಿದ. ಅವನ ತಂದೆಗೆ ಬಿಂಗ್‌ಹ್ಯಾಮ್ಟನ್ ಊರಿನಲ್ಲಿ ಪಿಯಾನೊ ಮತ್ತು ಆರ್ಗನ್ ತಯಾರಿಸುವ ಕಾರ್ಖಾನೆ ಇತ್ತು. ಆರ್ಗನ್‌ಗೆ ಗಾಳಿ ತುಂಬುವ ತಿದಿಯನ್ನೇ ಲಿಂಕ್ ತನ್ನ ಪುಟ್ಟ ಕಾಕ್‌ಪಿಟ್ಟಿನ ಕೆಳಗೆ ಇಟ್ಟ. ಗಾಳಿ ತುಂಬಿ, ಬಿಟ್ಟು, ಅದನ್ನು ವಾಲಿಸಿದ. ನಮ್ಮ ಕಡೆ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವರ ಎಡಗೈ ಮಾಡುವ ಕೆಲಸವೂ ಇದೇ ತಿದಿಯದು. ಪಂಡಿತ ರಾಮಭಾವು ವಿಜಾಪುರೆ ಅವರ ಪೇಟಿ ಕೇಳಿ ಬೆಳೆದ ಊರಿನವರಿಗೆ ಲಿಂಕ್‌ನ ಯಂತ್ರ ಅರ್ಥ ಮಾಡಿಸುವುದು ಕಷ್ಟವಾಗುವುದಿಲ್ಲ. 1934ರಲ್ಲಿ ಅಮೆರಿಕದ ಸೇನೆ ಟಪಾಲು ಸಾಗಿಸುವ ಕೆಲಸ ವಹಿಸಿಕೊಂಡು, ಕೆಟ್ಟ ಹವೆಯಲ್ಲಿ ಒಬ್ಬರ ಹಿಂದೆ ಒಬ್ಬರು ಪೈಲಟ್‌ಗಳನ್ನು ಕಳೆದುಕೊಂಡ ಮೇಲೆ ಇಂಥ 6 ಯಂತ್ರಗಳನ್ನು ಕೊಂಡಿತು. ಎರಡನೇ ಮಹಾಯುದ್ಧದ ಹೊತ್ತಿಗೆ ಲಕ್ಷಾಂತರ ಜನ ಅದರಲ್ಲಿ ಕಲಿತರು. ನಮ್ಮ ಸಾಂಬ್ರಾದ ರನ್‌ವೇ ಹುಟ್ಟಿದ್ದೂ ಅದೇ ಯುದ್ಧದ ಕಾಲದಲ್ಲಿ, 1942ರಲ್ಲಿ.

ಈಗಿನ ದೊಡ್ಡ ತರಬೇತಿ ಕೇಂದ್ರಗಳಲ್ಲಿ ಆರು ಕಾಲಿನ ವೇದಿಕೆ ಇರುತ್ತದೆ. ಆ ಆರು ಕಾಲು ಉದ್ದ ಗಿಡ್ಡ ಆಗುತ್ತಾ ಕಾಕ್‌ಪಿಟ್ಟನ್ನು ಆರೂ ಬಗೆಯಲ್ಲಿ ಅಲ್ಲಾಡಿಸುತ್ತವೆ: ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ, ಜೊತೆಗೆ ಮೂರು ಬಗೆಯ ತಿರುಗಾಟ. ಆದರೆ ಕಾಲಿನ ಉದ್ದ ಎಷ್ಟಿದ್ದೀತು? ವಿಮಾನ ಓಡುವಾಗ ಬೆನ್ನು ಸೀಟಿಗೆ ಒತ್ತುವುದು ಅರ್ಧ ನಿಮಿಷ ಇರುತ್ತದೆ, ವೇದಿಕೆ ಅಷ್ಟು ಹೊತ್ತು ಮುಂದೆ ಹೋಗುತ್ತಲೇ ಇರಲು ಆಗುವುದಿಲ್ಲ. ಅದಕ್ಕೆ ಒಂದು ಜಾಣತನ ಮಾಡಿದ್ದಾರೆ. ಮೊದಲು ಮುಂದಕ್ಕೆ ಒಂದು ಸಣ್ಣ ತಳ್ಳು. ಆಮೇಲೆ ಕಾಕ್‌ಪಿಟ್ಟನ್ನು ನಿಧಾನವಾಗಿ ಹಿಂದಕ್ಕೆ ವಾಲಿಸುವುದು. ಹೊರಗಿನ ನೋಟ ಪರದೆಯಲ್ಲಿ ಸಮತಟ್ಟಾಗೇ ಇರುತ್ತದೆ, ಬೆನ್ನು ಮಾತ್ರ ಸೀಟಿಗೆ ಒತ್ತುತ್ತದೆ. ಭೂಮಿ ಎಳೆಯುತ್ತಿದೆಯೋ ವಿಮಾನ ತಳ್ಳುತ್ತಿದೆಯೋ ಅಂತ ನಮ್ಮ ಒಳಕಿವಿಗೆ ಬೇರೆ ಮಾಡಿ ತಿಳಿಯುವುದಿಲ್ಲ. ವಾಲಿಸುವುದು ಗೊತ್ತಾಗದಷ್ಟು ನಿಧಾನವಾಗಿರಬೇಕು, ಅಷ್ಟೇ ಷರತ್ತು.

ಮನೆಯಲ್ಲಿ ವೈಪರ್ ಮೋಟರ್ ಹಾಕಿ ಕುರ್ಚಿ ಅಲ್ಲಾಡಿಸುವವರಿದ್ದಾರೆ. ಶ್ರಮಕ್ಕೆ ನನ್ನ ಗೌರವ ಇದೆ. ಆದರೆ ಚಲನೆ ತಪ್ಪಾದ ಹೊತ್ತಿಗೆ ಬಂದರೆ ಕಣ್ಣು ಒಂದು ಹೇಳುತ್ತದೆ, ಕಿವಿ ಇನ್ನೊಂದು ಹೇಳುತ್ತದೆ, ಹೊಟ್ಟೆ ತೊಳಸುತ್ತದೆ. ತಪ್ಪು ಚಲನೆಗಿಂತ ಚಲನೆ ಇಲ್ಲದಿರುವುದೇ ವಾಸಿ. ಕುರ್ಚಿಯ ಕೆಳಗೆ ಸದ್ದನ್ನು ನಡುಕವಾಗಿಸುವ ಒಂದು ಬಾಸ್ ಶೇಕರ್ ಕಟ್ಟಿ ಎಂಜಿನ್ನಿನ ನಡುಕ, ಚಕ್ರ ನೆಲ ತಾಗಿದ ಗುದ್ದು ಇಷ್ಟನ್ನು ಕೊಟ್ಟರೆ ಸಾಕಷ್ಟಾಯಿತು. ಖರ್ಚೂ ಕಡಿಮೆ.

ಈಗ ನನಗೆ ಅತಿ ಇಷ್ಟವಾದ ಭಾಗ, ಜನ. ಒಬ್ಬರೇ ಹಾರಿಸುವಾಗ ಎಲ್ಲ ಕೆಲಸವೂ ನಿಮ್ಮದೇ, ಬೇಕಾದಾಗ ಹಾರಾಟವನ್ನು ಅಲ್ಲೇ ನಿಲ್ಲಿಸುವ ಪಾಸ್ ಬಟನ್ ಒತ್ತಬಹುದು. ಪಕ್ಕದಲ್ಲಿ ಇನ್ನೊಬ್ಬರು ಕೂತರೆ ಪಾಸ್ ಒತ್ತಲು ಮನಸ್ಸು ಬರುವುದಿಲ್ಲ. ದೊಡ್ಡ ವಿಮಾನಗಳಲ್ಲಿ ಇಬ್ಬರು ಪೈಲಟ್‌ಗಳ ಕೆಲಸ ಹಂಚಿಕೆ ಆಗಿರುತ್ತದೆ. ಒಬ್ಬರು ಹಾರಿಸುತ್ತಾರೆ, ಇನ್ನೊಬ್ಬರು ಗಮನಿಸುತ್ತಾರೆ: ರೇಡಿಯೊ ಮಾತಾಡುವುದು, ಚೆಕ್‌ಲಿಸ್ಟ್ ಓದುವುದು, ವೇಗ ಎತ್ತರ ತಪ್ಪಿದರೆ ಬಾಯಿಬಿಟ್ಟು ಹೇಳುವುದು ಅವರ ಕೆಲಸ. ನಾವೂ ಹಾಗೆಯೇ ಮಾಡುತ್ತೇವೆ. ಮೂರನೆಯವರು ಪಕ್ಕದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಸಾಂಬ್ರಾ ಟವರ್ ಆಗುತ್ತಾರೆ. ನಾಲ್ಕನೆಯವರು ಇನ್‌ಸ್ಟ್ರಕ್ಟರ್, ಅವರ ಮುಂದೆ ಬೇರೆ ಲ್ಯಾಪ್‌ಟಾಪ್. ಎಕ್ಸ್-ಪ್ಲೇನ್‌ನಲ್ಲಿ ಇದಕ್ಕೆಂದೇ ಒಂದು ವ್ಯವಸ್ಥೆ ಇದೆ. ಅಲ್ಲಿಂದ ಮೋಡ ಇಳಿಸಬಹುದು, ಗಾಳಿ ತಿರುಗಿಸಬಹುದು, ವೇಗ ತೋರಿಸುವ ಪಿಟೊ ಕೊಳವೆಯನ್ನು ಮುಚ್ಚಿಬಿಡಬಹುದು. ಊರಿನಲ್ಲಿ ಜೊತೆ ಸಿಗದವರಿಗೆ ವ್ಯಾಟ್‌ಸಿಮ್, ಐವಾವೊ ಅನ್ನುವ ಜಾಲಗಳಿವೆ. ಅಲ್ಲಿ ಪೈಲಟ್ ಆಗಿರುವವರೂ ಕಂಟ್ರೋಲರ್ ಆಗಿರುವವರೂ ಹವ್ಯಾಸಿಗಳೇ.

ಗಮನಿಸುವವರ ಕೆಲಸ ಎಷ್ಟು ದೊಡ್ಡದು ಅಂತ ತಿಳಿಯಲು ನಾವು ಹೊಸಬರಿಗೆ ಒಂದು ನಿಜವಾದ ಅಪಘಾತದ ಬಗ್ಗೆ ಹೇಳುತ್ತೇವೆ. 1972ರ ಡಿಸೆಂಬರ್ 29ರ ರಾತ್ರಿ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ವಿಮಾನ ಮಯಾಮಿಯಲ್ಲಿ ಇಳಿಯಬೇಕಿತ್ತು. ಮುಂದಿನ ಚಕ್ರ ಇಳಿದಿದೆ ಅಂತ ತೋರಿಸುವ ದೀಪ ಹತ್ತಲಿಲ್ಲ. ವಿಮಾನವನ್ನು 2,000 ಅಡಿಯಲ್ಲಿ ಆಟೊಪೈಲಟ್‌ಗೆ ಬಿಟ್ಟು ಕಾಕ್‌ಪಿಟ್ಟಿನವರೆಲ್ಲ ಆ ದೀಪದ ಹಿಂದೆ ಬಿದ್ದರು. ಎತ್ತರ ಹಿಡಿದಿಡುವ ವ್ಯವಸ್ಥೆ ಯಾರಿಗೂ ಗೊತ್ತಾಗದಂತೆ ಬಿಟ್ಟುಹೋಗಿ, ವಿಮಾನ ನಿಧಾನವಾಗಿ ಇಳಿಯುತ್ತಾ ಎವರ್‌ಗ್ಲೇಡ್ಸ್ ಜೌಗಿಗೆ ಬಿತ್ತು. 101 ಜನ ತೀರಿಕೊಂಡರು. ಕೆಟ್ಟಿದ್ದು ಬರೀ ದೀಪದ ಬಲ್ಬು. ಈ ಮಾತು ಹೇಳಿದ ಮೇಲೆ ಇನ್‌ಸ್ಟ್ರಕ್ಟರ್ ಕುರ್ಚಿಯಲ್ಲಿರುವವರು ಯಾವಾಗಲೋ ಒಮ್ಮೆ ಒಂದು ದೀಪ ಆರಿಸುತ್ತಾರೆ, ಜೊತೆಗೆ ಸದ್ದಿಲ್ಲದೆ ಟ್ರಿಮ್ ಸ್ವಲ್ಪ ಕೆಳಗೆ ಮಾಡುತ್ತಾರೆ. ಇಬ್ಬರೂ ದೀಪದ ಕಡೆ ಬಗ್ಗಿದರೆ ಎತ್ತರದ ಮುಳ್ಳು ಇಳಿಯತೊಡಗುತ್ತದೆ. ಅಪಘಾತದ ಬಗ್ಗೆ ಗೊತ್ತಿದ್ದವರೂ ಬಗ್ಗುತ್ತಾರೆ. ಮನುಷ್ಯರ ಗಮನ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಆ ಒಂದು ನಿಮಿಷದಲ್ಲಿ ಕಾಣುತ್ತದೆ.

ಇದರಿಂದ ಎರಡು ಕಟ್ಟುಪಾಡು ಹಾಕಿಕೊಂಡಿದ್ದೇವೆ. ಯೋಕ್ ಕೈ ಬದಲಾಗುವಾಗ "ಯೂ ಹ್ಯಾವ್ ಕಂಟ್ರೋಲ್" ಅಂತ ಒಬ್ಬರು, "ಐ ಹ್ಯಾವ್ ಕಂಟ್ರೋಲ್" ಅಂತ ಇನ್ನೊಬ್ಬರು ಜೋರಾಗಿ ಹೇಳಲೇಬೇಕು. ಹಿರಿಯರು ಕಿರಿಯರು ಅಂತಿಲ್ಲ. ಇನ್ನೊಂದು, ಹೊರಡುವಾಗ ಮತ್ತು ಇಳಿಯುವಾಗ ಹಾರಾಟ ಬಿಟ್ಟು ಬೇರೆ ಮಾತಿಲ್ಲ. ಏರ್‌ಲೈನ್‌ಗಳಲ್ಲಿ 10,000 ಅಡಿಯ ಕೆಳಗೆ ಇರುವ ನಿಯಮವೇ ಇದು. ಕಾಲೇಜು ಹುಡುಗಿ ಲೇಥ್ ಕಾಕಾನಿಗೆ "ಕಾಕಾ, ಸ್ಪೀಡ್ ನೋಡ್ರಿ" ಅಂತ ಗಟ್ಟಿಯಾಗಿ ಹೇಳುವುದು, ಅವರು "ಹೂಂನವ್ವಾ, ನೋಡಿದೆ" ಅಂತ ತಕ್ಷಣ ಸರಿಮಾಡುವುದು ನೋಡಲು ನನಗೆ ಬಹಳ ಖುಷಿ. ಬೇರೆ ಕಡೆ ಇಷ್ಟು ಸಲೀಸಾಗಿ ಹಿರಿಯರ ತಪ್ಪು ಹೇಳಲು ಹುಡುಗರಿಗೆ ಧೈರ್ಯ ಬರುವುದಿಲ್ಲ, ಅಲ್ವಾ?

ನಮ್ಮ ಅಚ್ಚುಮೆಚ್ಚಿನ ಹಾರಾಟ ಸಾಂಬ್ರಾದಿಂದ ವಿಜಯಪುರದ ಕಡೆಗೆ, ಜಿಪಿಎಸ್ ಮುಚ್ಚಿಟ್ಟು. ಮೊದಲ ಗುರಿ ಗೋಕಾಕ ಜಲಪಾತ, ಗಾಳಿಯಲ್ಲಿ ಸುಮಾರು 40 ಕಿ.ಮೀ. ಸೆಸ್ನಾ 110 ನಾಟ್‌ನಲ್ಲಿ ನಿಮಿಷಕ್ಕೆ 3.4 ಕಿ.ಮೀ. ಹೋಗುತ್ತದೆ, ಹಾಗಾಗಿ 12 ನಿಮಿಷದ ದಾರಿ. ಪಶ್ಚಿಮದಿಂದ 20 ನಾಟ್ ಗಾಳಿ ಇದ್ದು ನೀವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ 12 ನಿಮಿಷದಲ್ಲಿ ಅದು ನಿಮ್ಮನ್ನು 7 ಕಿ.ಮೀ.ಗೂ ಹೆಚ್ಚು ಪೂರ್ವಕ್ಕೆ ಒಯ್ದಿರುತ್ತದೆ. ಆದ್ದರಿಂದ ಮೂಗನ್ನು ಸುಮಾರು 10 ಡಿಗ್ರಿ ಎಡಕ್ಕೆ ಇಟ್ಟು ಹೋಗಬೇಕು. ಮೂಗು ಒಂದು ಕಡೆ, ದಾರಿ ಇನ್ನೊಂದು ಕಡೆ. ಘಟಪ್ರಭಾ ನದಿ ಸಿಕ್ಕರೆ ಆಮೇಲೆ ಚಿಂತೆ ಇಲ್ಲ. ಅದನ್ನೇ ಹಿಡಿದು ಪೂರ್ವಕ್ಕೆ ಹೋದರೆ ಬಾಗಲಕೋಟೆ, ಮುಂದೆ ಆಲಮಟ್ಟಿಯ ಹಿನ್ನೀರು. ಅಲ್ಲಿಂದ ಉತ್ತರಕ್ಕೆ ತಿರುಗಿದರೆ ಬಯಲಿನ ನಡುವೆ ವಿಜಯಪುರ. 51 ಮೀಟರ್ ಎತ್ತರದ ಗೋಳಗುಮ್ಮಟ ಸಮತಟ್ಟಾದ ನೆಲದಲ್ಲಿ ಎಷ್ಟು ದೂರದಿಂದ ಗುರುತು ಸಿಗಬೇಕು ಅನ್ನುವ ಲೆಕ್ಕದಲ್ಲಿ ಕಣ್ಣು ನೆಟ್ಟು ಕೂರುತ್ತೇವೆ.

ಗೋಕಾಕ ಮಾತ್ರ ಸಿಮ್ಯುಲೇಟರಿನಲ್ಲಿ ನಿರಾಸೆ ಮಾಡುತ್ತದೆ. 52 ಮೀಟರ್ ನೇರ ಧುಮುಕುವ ನೀರು ಅಲ್ಲಿ ಬರೀ ಇಳಿಜಾರು. ಕಾರಣ ಹೇಳುತ್ತೇನೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರಿನಿಂದ ಭೂಮಿಯ ಬಹುಭಾಗದ ಎತ್ತರ ಅಳೆಯಿತು. ಉಚಿತ ಸಿಮ್ಯುಲೇಟರುಗಳ ಗುಡ್ಡ ಕಣಿವೆಗಳು ಹೆಚ್ಚಾಗಿ ಆ ಮಾಹಿತಿಯಿಂದಲೇ ಬಂದವು. ಬಹುಕಾಲ ಎಲ್ಲರಿಗೂ ಸಿಕ್ಕಿದ್ದು ಸುಮಾರು 90 ಮೀಟರಿಗೆ ಒಂದು ಬಿಂದುವಿನಂತೆ. ಒಂದು ಬಿಂದು ಬಂಡೆಯ ಮೇಲೆ, ಮುಂದಿನದು ಕೆಳಗೆ ಕೊಳ್ಳದಲ್ಲಿ. ಎರಡನ್ನೂ ಗೆರೆ ಎಳೆದು ಸೇರಿಸಿದರೆ ಇಳಿಜಾರೇ ಆಗುವುದು. ಕಟ್ಟಡಗಳನ್ನಾದರೆ ನಾವೇ ಸರಿಮಾಡಬಹುದು. ಎಕ್ಸ್-ಪ್ಲೇನ್‌ಗೆ ಉಚಿತ ವರ್ಲ್ಡ್ ಎಡಿಟರ್ ಇದೆ, ಅದರಲ್ಲಿ ನಿಮ್ಮೂರ ನಿಲ್ದಾಣವನ್ನು ತಿದ್ದಿ ಎಲ್ಲರಿಗೂ ಹಂಚಬಹುದು. ಸಾಂಬ್ರಾದಲ್ಲಿ 2017ರ ಸೆಪ್ಟೆಂಬರಿನಲ್ಲಿ ಶುರುವಾದ ಹೊಸ ಟರ್ಮಿನಲ್ ಅನ್ನು ಸರಿಯಾದ ಜಾಗದಲ್ಲಿ ಕೂರಿಸಲು ನಮ್ಮ ಹುಡುಗರು ತಿದ್ದುತ್ತಾ ಕೂತಿರುತ್ತಾರೆ.

ವಾಪಸ್ ಬಂದು ಇಳಿಯುವಾಗ ರನ್‌ವೇ 26. ಅಂದರೆ ಅದು ದಿಕ್ಸೂಚಿಯ 260 ಡಿಗ್ರಿ ಕಡೆ ಮುಖ ಮಾಡಿದೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮ, ನೈಋತ್ಯದಿಂದ ಬರುವಾಗ ಇದೇ ಅನುಕೂಲ. ಗಾಳಿ 230 ಡಿಗ್ರಿ ಕಡೆಯಿಂದ 20 ನಾಟ್ ಇದ್ದರೆ ವ್ಯತ್ಯಾಸ 30 ಡಿಗ್ರಿ, ಅಡ್ಡಗಾಳಿ ಆ 20 ನಾಟ್‌ನ ಅರ್ಧ, 10 ನಾಟ್. ಎಡರೆಕ್ಕೆಯನ್ನು ಗಾಳಿಗೆ ಸ್ವಲ್ಪ ಬಗ್ಗಿಸಿ, ಬಲಗಾಲಿನ ರಡರ್ ಒತ್ತಿ ಮೂಗನ್ನು ರನ್‌ವೇಗೆ ನೇರ ಮಾಡಿ, ಎಡಚಕ್ರ ಮೊದಲು ತಾಗಿಸಬೇಕು. ಇದು ಬರೀ ಕೀಬೋರ್ಡಿನಲ್ಲಿ ಆಗದ ಕೆಲಸ. ಕೈ ಒಂದು ದಿಕ್ಕಿಗೆ, ಕಾಲು ಇನ್ನೊಂದು ದಿಕ್ಕಿಗೆ, ಎರಡೂ ಅಳತೆಯಲ್ಲಿ ಚಲಿಸಬೇಕು. ಪೆಡಲ್ ಇಲ್ಲದವರು ಮೊದಲು ಪೆಡಲ್ ಮಾಡಿಕೊಳ್ಳಿ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಇಲ್ಲಿ ಕಳೆದ ಗಂಟೆಗಳು ಪೈಲಟ್ ಲೈಸೆನ್ಸಿನ ಲೆಕ್ಕಕ್ಕೆ ಬರುವುದಿಲ್ಲ, ಅದು ಸ್ಪಷ್ಟವಾಗಿರಲಿ. ಒಂದು ಕೆಟ್ಟ ಅಭ್ಯಾಸವೂ ಅಂಟಿಕೊಳ್ಳುತ್ತದೆ: ಮೀಟರುಗಳನ್ನೇ ನೋಡುತ್ತಾ ಹಾರಿಸುವುದು. ನಿಜವಾದ ಸಣ್ಣ ವಿಮಾನದಲ್ಲಿ ಕಣ್ಣು ಬಹುಪಾಲು ಹೊರಗೆ ಇರಬೇಕು. ಮುಂದೆ ಪೈಲಟ್ ಆಗಬೇಕು ಅನ್ನುವ ಹುಡುಗರು ಬಂದರೆ ನಾವು ಮೀಟರುಗಳ ಮೇಲೆ ಕಾಗದ ಅಂಟಿಸಿ, ದಿಗಂತ ಮತ್ತು ಎಂಜಿನ್ ಸದ್ದು ಎರಡರಿಂದಲೇ ಹಾರಿಸಲು ಹೇಳುತ್ತೇವೆ.

ಕಟ್ಟಲು ಹೊರಡುವವರು ಒಂದೇ ಸಲ ಎಲ್ಲ ಸ್ವಿಚ್ಚು, ಎಲ್ಲ ದೀಪ ಕೂರಿಸಲು ಹೋಗಬೇಡಿ. ಯೋಕ್, ಪೆಡಲ್, ಥ್ರಾಟಲ್ ಆದ ತಕ್ಷಣ ಹಾರಲು ಶುರು ಮಾಡಿ, ಯಾವುದಕ್ಕೆ ಕೈ ಪದೇಪದೇ ಹೋಗುತ್ತದೋ ಅದನ್ನು ಆಮೇಲೆ ಸೇರಿಸಿ. ಹೆಚ್ಚಿನವರಿಗೆ ಅದು ಟ್ರಿಮ್ ಚಕ್ರ ಮತ್ತು ಫ್ಲ್ಯಾಪ್ ಹಿಡಿಕೆ. ಚೌಕಟ್ಟು ಮಾತ್ರ ಮೊದಲ ದಿನದಿಂದಲೇ ಎರಡು ಕುರ್ಚಿಯ ಅಗಲಕ್ಕೆ ಕತ್ತರಿಸಿ. ಎರಡನೇ ಯೋಕಿಗೆ ಬೇರೆ ಎಲೆಕ್ಟ್ರಾನಿಕ್ಸ್ ಬೇಕಿಲ್ಲ; ಎರಡನ್ನೂ ಕೆಳಗಿನಿಂದ ಒಂದೇ ಸರಳಿಗೆ ಜೋಡಿಸಿದರೆ ಒಬ್ಬರು ಎಳೆದದ್ದು ಇನ್ನೊಬ್ಬರ ಕೈಗೂ ತಿಳಿಯುತ್ತದೆ, ಸೆನ್ಸರ್ ಒಂದೇ ಸಾಕಾಗುತ್ತದೆ.